ಕೊಟ್ಟಿಗೆಹಾರದ ಹಿಮ

ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಕೆಮ್ಮು ಶುರುವಾದದ್ದು ಮೇಲೆ ಬಂದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆ ಕಡೆಗೆ ಹೊರಟ ಮೇಲೆ. ರಸ್ತೆಯಲ್ಲಿ ಅಂಥ ಏರಿಲ್ಲ, ಕಾಲು ಆಕ್ಸಿಲರೇಟರ್ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಹೊರಗೆ ಆಷಾಢದ ಜಡಿಮಳೆ, ಮಂಜು. ಮೊದಲು ಪಿಕಪ್ ಹೋಯಿತು, ಆಮೇಲೆ ಐಡ್ಲಿಂಗ್ ಹೋಯಿತು, ಕೊನೆಗೆ ಎಂಜಿನ್ನೇ ನಿಂತಿತು. ಕಾಫಿ ತೋಟದ ಬೇಲಿ ಪಕ್ಕಕ್ಕೆ ಗಾಡಿ ಉರುಳಿಸಿ, ಕೊಡೆ ಹಿಡಿದುಕೊಂಡು ಹಿಂದಿನ ಮುಚ್ಚಳ ಎತ್ತಿದೆ. ನನ್ನದು 1967ರ ಬೀಟಲ್, 1300. ಎಂಜಿನ್ ಇರುವುದು ಹಿಂದೆ. ಕಾರ್ಬುರೇಟರ್ ಕೆಳಗಿನ ಇಂಟೇಕ್ ಪೈಪಿನ ಮೇಲೆ ಬಿಳಿ ಹಿಮ ಕೂತಿತ್ತು. ಉಗುರಿನಲ್ಲಿ ಕೆರೆದರೆ ಫ್ರೀಜರ್ ಗೋಡೆಯಿಂದ ಉದುರುವಂಥದೇ ಪುಡಿ. ಹೊರಗಿನ ಗಾಳಿ ಹದಿನೆಂಟು ಡಿಗ್ರಿಗಿಂತ ಕೆಳಗೇನೂ ಇರಲಿಲ್ಲ.

ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಈ ಕಾಯಿಲೆಯ ಕಿತಾಪತಿಯೇ ಇದು. ನಿಂತ ಎಂಜಿನ್ನಿನ ಶಾಖ ಮೇಲೇರಿ ಹಿಮವನ್ನು ಕರಗಿಸಿಬಿಡುತ್ತದೆ. ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಸಾಕ್ಷಿ ನಾಶ. ಮೆಕ್ಯಾನಿಕ್ ಪೆಟ್ರೋಲಿನಲ್ಲಿ ನೀರು ಅನ್ನುತ್ತಾನೆ, ಪಾಯಿಂಟ್ ಉಜ್ಜುತ್ತಾನೆ, ಕಂಡೆನ್ಸರ್ ಬದಲಿಸುತ್ತಾನೆ. ನಾನು ಇದೆಲ್ಲಕ್ಕೂ ಎರಡು ಮಳೆಗಾಲ ದುಡ್ಡು ಕೊಟ್ಟವನು.

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇಲ್ಲಿಯದೂ. ಪೆಟ್ರೋಲ್ ಆವಿಯಾಗಲು ಶಾಖ ಬೇಕು, ಅದನ್ನು ಸುತ್ತಲಿನ ಗಾಳಿಯಿಂದ, ಲೋಹದಿಂದ ಕಿತ್ತುಕೊಳ್ಳುತ್ತದೆ. ಇದರ ಜೊತೆಗೆ, ಅರ್ಧ ಮುಚ್ಚಿದ ಥ್ರಾಟಲ್ ಎಲೆಯ ಸಂದಿಯಲ್ಲಿ ಗಾಳಿ ನುಗ್ಗುವಾಗ ಒತ್ತಡ ಕುಸಿದು ಅದೂ ತಣ್ಣಗಾಗುತ್ತದೆ. ಎರಡೂ ಸೇರಿದರೆ ಇಪ್ಪತ್ತು ಡಿಗ್ರಿ ಮೀರಿ ಇಳಿಯಬಹುದು. ಒಣ ಚಳಿಗೆ ಹಿಮ ಕಟ್ಟಲು ತೇವವೇ ಇಲ್ಲ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಬೇಕಾದಷ್ಟಿದೆ. ಕಾರ್ಬುರೇಟರ್ ಇರುವ ಸಣ್ಣ ವಿಮಾನಗಳ ಪೈಲಟ್‌ಗಳಿಗೆ ಇದು ಮೊದಲ ಪಾಠ. ಕಾರ್ಬುರೇಟರ್‌ಗೆ ಬಿಸಿಗಾಳಿ ಬಿಡುವ ಗುಂಡಿಯೊಂದು ಅವರ ಮುಂದೆಯೇ ಇರುತ್ತದೆ. ಎಂಜಿನ್ ವೇಗ ತಗ್ಗಿಸಿ ಇಳಿಯುವ ಮುನ್ನ ಅದನ್ನು ಎಳೆಯುತ್ತಾರೆ. ನಾವು ರಸ್ತೆಯವರು, ನಿಂತರೆ ಬೇಲಿ ಪಕ್ಕ ನಿಲ್ಲುತ್ತೇವೆ ಅಷ್ಟೇ.

ಬೀಟಲ್‌ಗೆ ಈ ಕಾಟ ಉಳಿದವಕ್ಕಿಂತ ಹೆಚ್ಚು. ನಮ್ಮ ಅಂಬಾಸಡರ್‌ನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಟೇಕ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿ, ಒಂದರ ಮೇಲೊಂದು. ಕಾರ್ಬುರೇಟರ್ ಸದಾ ಒಲೆ ಮುಂದೆ ಕೂತ ಹಾಗೆ. ಅದರ ಗೋಳೇ ಬೇರೆ, ಬೇಸಿಗೆಯಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುವುದು. ಬೀಟಲ್‌ನಲ್ಲಾದರೋ ಕಾರ್ಬುರೇಟರ್ ನಡುವೆ ಎತ್ತರದಲ್ಲಿ ಒಂಟಿಯಾಗಿ ನಿಂತಿದೆ, ಸಿಲಿಂಡರ್‌ಗಳು ಎಡಬಲಕ್ಕೆ ದೂರದಲ್ಲಿ ಮಲಗಿವೆ, ನಡುವೆ ಉದ್ದನೆಯ ತಣ್ಣನೆ ಪೈಪು. ಫೋಕ್ಸ್‌ವ್ಯಾಗನ್‌ನವರಿಗೆ ಇದು ಗೊತ್ತಿತ್ತು. ಆ ಪೈಪಿಗೆ ಒತ್ತಿಕೊಂಡ ಹಾಗೆ ಇನ್ನೊಂದು ಸಣ್ಣ ಪೈಪು ಕೊಟ್ಟು, ಅದರೊಳಗೆ ಸೈಲೆನ್ಸರಿನ ಬಿಸಿಹೊಗೆ ಹರಿಸಿದರು. ಅರ್ಧ ಶತಮಾನದ ಮಸಿ ತುಂಬಿದರೆ ಅದು ಬರಿಯ ಕಬ್ಬಿಣದ ಕೋಲು. ಎಂಜಿನ್ ಕಾದ ಮೇಲೆ ಎರಡೂ ತುದಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡಬೇಕು. ನನ್ನದರಲ್ಲಿ ಕೈ ಇಟ್ಟುಕೊಂಡು ಕಾಫಿ ಕುಡಿಯಬಹುದಿತ್ತು. ಹಳೆಯ ಕ್ಲಚ್ ಕೇಬಲ್ಲಿನ ತುದಿಯ ಎಳೆ ಬಿಚ್ಚಿ, ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ, ಎರಡು ಭಾನುವಾರ ಕೊರೆದಾಗ ಆ ಕಡೆಯಿಂದ ಬೆಳಕು ಕಂಡಿತು.

ಪೈಪಿನ ಹಿಮ ಹೋಯಿತು. ಆದರೆ ಥ್ರಾಟಲ್ ಎಲೆ ಆ ಪೈಪಿನಿಂದ ಮೇಲಿದೆ; ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ ಐಡ್ಲಿಂಗ್ ಮತ್ತೆ ಸೊರಗಿತು. ಎಲೆಗೆ ಶಾಖ ಮುಟ್ಟಿಸಲು ದಾರಿ ಒಂದೇ, ಒಳಗೆ ಹೋಗುವ ಗಾಳಿಯನ್ನೇ ಬೆಚ್ಚಗೆ ಮಾಡುವುದು. ಕಾರ್ಖಾನೆಯವರು ಅದನ್ನೂ ಕೊಟ್ಟಿದ್ದರು. ಕರಿಯ ಡಬರಿಯಂಥ ಆಯಿಲ್ ಬಾತ್ ಫಿಲ್ಟರ್, ಅದರ ಮೂತಿಗೆ ಸಿಲಿಂಡರ್‌ಗಳ ಮೇಲೆ ಹಾದು ಬಿಸಿಯಾದ ಗಾಳಿ ತರುವ ಹೋಸ್. ನನಗಿಂತ ಮುಂಚಿನ ಯಜಮಾನರು ಎರಡನ್ನೂ ಕಿತ್ತೊಗೆದು ಕ್ರೋಮ್ ಮುಚ್ಚಳದ ಪುಟಾಣಿ ಫಿಲ್ಟರ್ ಕೂರಿಸಿದ್ದರು. ನಾನು ಡಬರಿ ಹುಡುಕಿಕೊಂಡು ತಂದಾಗ ನಮ್ಮ ಮೆಕ್ಯಾನಿಕ್ ಹೇಳಿದ್ದು ಇಷ್ಟು: “ಬೆಂಗಳೂರಲ್ಲಿ ಬಿಸಿಗಾಳಿ ಯಾಕೆ ಸಾರ್? ಫ್ರೀಯಾಗಿ ಉಸಿರಾಡ್ಲಿ ಬಿಡಿ.”

ಈ ಮಾತಿಗೆ ನನ್ನ ತಕರಾರಿದೆ. ತಣ್ಣನೆ ಗಾಳಿ ಸಾಂದ್ರ, ಹಾಗಾಗಿ ಶಕ್ತಿ ಜಾಸ್ತಿ ಎಂಬುದು ನಿಜ, ಆದರೆ ಆಕ್ಸಿಲರೇಟರ್ ನೆಲ ಮುಟ್ಟುವ ತನಕ ಒತ್ತಿದಾಗ ಮಾತ್ರ. ನಲವತ್ತು ಕುದುರೆಯ ಈ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವಾಗಲೂ ನಾವು ಥ್ರಾಟಲ್ ಅರ್ಧಂಬರ್ಧ ಮುಚ್ಚಿ ಗಾಳಿಯ ಕತ್ತು ಹಿಸುಕಿಕೊಂಡೇ ಇರುತ್ತೇವೆ. ಅಲ್ಲಿ ಗಾಳಿ ಕೊಂಚ ತೆಳುವಾದರೆ ಕಾಲು ಕೂದಲೆಳೆಯಷ್ಟು ಹೆಚ್ಚು ಒತ್ತಿದರಾಯಿತು, ನಷ್ಟವೇನಿಲ್ಲ. ಕಾರ್ಬುರೇಟರಿಗೆ ಬೇಕಾದದ್ದು ತಣ್ಣನೆ ಗಾಳಿಯಲ್ಲ, ಒಂದೇ ತೆರನ ಗಾಳಿ. 10 ಡಿಗ್ರಿಯ ಗಾಳಿ 40ಕ್ಕೆ ಏರಿದರೆ ಸಾಂದ್ರತೆ ಶೇ 10ರಷ್ಟು ಇಳಿಯುತ್ತದೆ; ಪೆಟ್ರೋಲ್ ಅಳೆದು ಬಿಡುವ ಜೆಟ್‌ಗೆ ಇದು ತಿಳಿಯದು, ಮಿಶ್ರಣ ಶೇ 5ರಷ್ಟು ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಬೆಳಗಿನ ಚಳಿಗೆ ಟ್ಯೂನ್ ಮಾಡಿದ್ದು ಮಧ್ಯಾಹ್ನ ಹೊಗೆ ಉಗುಳುವುದು ಇದಕ್ಕೇ.

ಹಾಗೆಂದು ಕಾರ್ಖಾನೆಯ ಏರ್ಪಾಡನ್ನು ಕಣ್ಣಿಗೊತ್ತಿಕೊಳ್ಳುವವನೂ ನಾನಲ್ಲ. ನನ್ನ ಮಾಡೆಲ್ಲಿನ ಫಿಲ್ಟರ್ ಮೂತಿಯಲ್ಲಿರುವುದು ಭಾರ ಕಟ್ಟಿದ ಒಂದು ಎಲೆ. ಎಂಜಿನ್ ನಿಧಾನವಿದ್ದಾಗ ಭಾರಕ್ಕೆ ಮುಚ್ಚಿಕೊಂಡು ಬಿಸಿಗಾಳಿ ಬಿಡುತ್ತದೆ. ವೇಗ ಹೆಚ್ಚಿ ಗಾಳಿ ಜೋರಾಗಿ ಎಳೆದಾಗ ತೆರೆದು ತಣ್ಣಗಾಳಿ ಬಿಡುತ್ತದೆ. ಜರ್ಮನಿಯ ಹವೆಗೆ ಸರಿಯೇ. ಆದರೆ ಎಲೆಗೆ ಗೊತ್ತಾಗುವುದು ಗಾಳಿಯ ಸೆಳೆತ ಮಾತ್ರ, ಹವೆಯಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿ ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ನಲವತ್ತು ಡಿಗ್ರಿ ಬಿಸಿಲು ಸಾಲದೆಂದು ಸಿಲಿಂಡರಿನ ಧಗೆಯನ್ನೂ ಕುಡಿಸುತ್ತದೆ. ಕಂಪನಿಯವರೂ 1968ರ ಮಾಡೆಲ್‌ನಿಂದ ಥರ್ಮೋಸ್ಟಾಟ್‌ಗೆ ತಿರುಗಿದರು, ಆಮೇಲೆ ವ್ಯಾಕ್ಯೂಮ್ ಡಯಾಫ್ರಮ್ಮಿಗೆ. ಡಯಾಫ್ರಮ್ ಬಲು ಜಾಣ ಏರ್ಪಾಡು: ಕಾಲು ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಕುಸಿದು, ಎಲೆ ತಾನಾಗಿ ತಣ್ಣಗಾಳಿಗೆ ತೆರೆದುಕೊಳ್ಳುತ್ತದೆ. ಆದರೆ ಅದಕ್ಕೆ ರಬ್ಬರ್ ಹೋಸುಗಳ ಸಂತೆ ಬೇಕು, ಒಂದೊಂದು ಹೋಸೂ ನಾಳೆಯ ಲೀಕು.

ನಾನು ಹಿಡಿದದ್ದು ಮೇಣದ ದಾರಿ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕಾರಿನ ಫಿಲ್ಟರ್ ಮೂತಿಯೊಂದು ಸಿಕ್ಕಿತು. ಅದರಲ್ಲಿ ಹಿತ್ತಾಳೆಯ ಸಣ್ಣ ಗುಳಿಗೆ, ಒಳಗೆ ಮೇಣ. ಬಿಸಿಗೆ ಮೇಣ ಕರಗಿ ಹಿಗ್ಗಿದರೆ ಕಡ್ಡಿ ಹೊರಗೆ ಚಾಚಿ ಎಲೆಯನ್ನು ತಳ್ಳುತ್ತದೆ, ಆರಿದರೆ ಸ್ಪ್ರಿಂಗ್ ಹಿಂದಕ್ಕೆಳೆಯುತ್ತದೆ. ತಗಡಿನ ಕೊಳವೆ ಮಾಡಿಸಿ ಡಬರಿಯ ಮೂತಿಗೆ ಬೆಸುಗೆ ಹಾಕಿಸಿದೆ. ಮೊದಲ ಸಲ ತಪ್ಪಿದೆ. ಗುಳಿಗೆಯನ್ನು ಬಿಸಿ ಹೋಸಿನ ಬಾಯಿಗೇ ಇಟ್ಟಿದ್ದೆ. ಬಿಸಿ ತಗುಲಿದ ಕೂಡಲೇ ಎಲೆ ಬಿಸಿಯ ಬಾಯನ್ನು ಮುಚ್ಚುವುದು, ಗುಳಿಗೆ ಆರಿದ ಮೇಲೆ ತೆರೆಯುವುದು, ಮತ್ತೆ ಮುಚ್ಚುವುದು. ಎಂಜಿನ್ನಿನ ಸದ್ದು ತೊಟ್ಟಿಲು ತೂಗಿದ ಹಾಗೆ ಏರಿಳಿಯುತ್ತಿತ್ತು. ಬಿಸಿಗಾಳಿ, ತಣ್ಣಗಾಳಿ ಎರಡೂ ಬೆರೆತು ಬಂದು ತಾಗುವ ಜಾಗಕ್ಕೆ, ಎಲೆಯಿಂದ ನಾಲ್ಕು ಬೆರಳು ಒಳಗೆ, ಗುಳಿಗೆ ಸರಿಸಿದೆ. ತೂಗಾಟ ನಿಂತಿತು. ಮೀನಿನ ತೊಟ್ಟಿಗೆ ಬಳಸುವ ಥರ್ಮಾಮೀಟರಿನ ವೈರು ಫಿಲ್ಟರೊಳಗೆ ಇಳಿಬಿಟ್ಟು ನೋಡಿದರೆ, ಹೊರಗೆ 17 ಇದ್ದಾಗ ಒಳಗೆ 33. ಜೆಟ್ ಮುಟ್ಟಲಿಲ್ಲ, ಐಡ್ಲಿಂಗ್ ಸ್ಕ್ರೂ ಮಾತ್ರ ಕಾಲು ಸುತ್ತು.

ಈಗ ಈ ಕೆಲಸಕ್ಕೆ ಹೊಸ ಕಾರಣವೂ ಇದೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ 20ರ ಎಥನಾಲ್ ಪೆಟ್ರೋಲ್ ಬಿಡುಗಡೆಯಾಯಿತು, ಈಗ ಬಂಕುಗಳಲ್ಲೆಲ್ಲ ಅದೇ. ಒಂದು ಕಿಲೊ ಎಥನಾಲ್ ಆವಿಯಾಗಲು ಪೆಟ್ರೋಲಿಗೆ ಬೇಕಾದ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಅಂದರೆ ಹೂಜಿ ಇನ್ನೂ ತಣ್ಣಗಾಗುತ್ತದೆ. ಎಥನಾಲ್ ಮಿಶ್ರಣವನ್ನು ಲೀನ್ ಮಾಡುತ್ತದೆ, ಬೆಚ್ಚನೆ ಗಾಳಿ ಒಂದಿಷ್ಟು ರಿಚ್ ಮಾಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ಸ್ವಲ್ಪ ತುಂಬುತ್ತದೆ. ಹಳೆಯ ರಬ್ಬರನ್ನು ಎಥನಾಲ್ ತಿನ್ನುವ ಕಥೆ ಇನ್ನೊಂದು ವಾರಕ್ಕಿರಲಿ.

ಹೋದ ತಿಂಗಳು ಮತ್ತೆ ಅದೇ ರಸ್ತೆ, ಅದೇ ಮಳೆ, ಅದೇ ಬೇಲಿ. ಬೇಕೆಂದೇ ನಿಲ್ಲಿಸಿ ಮುಚ್ಚಳ ಎತ್ತಿ ಪೈಪು ಮುಟ್ಟಿದೆ. ಬೆಚ್ಚಗಿತ್ತು. ಬೈಕಿನಲ್ಲಿ ಬಂದ ತೋಟದ ಹುಡುಗನೊಬ್ಬ ನಿಂತು, “ಕೆಟ್ಟೋಗಿದ್ಯಾ ಸಾರ್?” ಅಂದ. ಇಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಬಳ್ಳಾರಿಯ ಲೆಕ್ಕ ಇನ್ನೂ ಬಾಕಿ. ಅಲ್ಲಿ ಮೇಣದ ಗುಳಿಗೆ ಬಿಸಿಯ ಬಾಯನ್ನು ಪೂರ್ತಿ ಮುಚ್ಚಿದರೂ ಎಂಜಿನ್ ಕೋಣೆಯೇ ಒಲೆಯಾಗಿರುತ್ತದೆ. ಎಂಜಿನ್ನಿನ ತಗಡಿಗೂ ಬಾಡಿಗೂ ನಡುವೆ ಸುತ್ತಲೂ ಒಂದು ರಬ್ಬರ್ ಪಟ್ಟಿ ಇರಬೇಕು, ಕೆಳಗಿನ ಬಿಸಿ ಮೇಲೇರದ ಹಾಗೆ. ನನ್ನದರಲ್ಲಿ ಅದು ಅಲ್ಲಲ್ಲಿ ಚಕ್ಕೆಯಾಗಿ ಉದುರಿದೆ. ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಆಯಿತು, ಇನ್ನೂ ಸಿಕ್ಕಿಲ್ಲ.