ಫೋರ್ಕಿನ ಹಲ್ಲು ಎಣಿಸುವವರಿಗೆ

1990ರ ‘ಪ್ರೆಟಿ ವುಮನ್’ ಸಿನಿಮಾವನ್ನು ಎಲ್ಲರೂ ಪ್ರೇಮಕಥೆ ಅಂತಾರೆ. ನನಗೆ ಮಾತ್ರ ಅದು ಊಟದ ಟೇಬಲ್ಲಿನ ಸಿನಿಮಾ. ದೊಡ್ಡ ಡಿನ್ನರಿಗೆ ಮುಂಚೆ ಜೂಲಿಯಾ ರಾಬರ್ಟ್ಸ್‌ಳ ವಿವಿಯನ್‌ಗೆ ಹೋಟೆಲ್ ಮ್ಯಾನೇಜರ್ ಪಾಠ ಹೇಳುತ್ತಾನೆ: ಹಲ್ಲು ಎಣಿಸಿದರೆ ಯಾವ ಫೋರ್ಕ್ ಅಂತ ಗೊತ್ತಾಗುತ್ತೆ. ಗೇಲಿಯಿಲ್ಲ, ಮರುಕವೂ ಇಲ್ಲ. ದೊಡ್ಡವರಾದ ಮೇಲೆ ಕಲಿಯೋರಿಗೆ ಬೇಕಿರೋದು ಇಂಥ ಮೇಷ್ಟ್ರು.

ಆದರೆ ಅವಳಿಗೆ ಚೆನ್ನಾಗಿ ಗೊತ್ತಿರೋದು ಸಲಾಡ್ ಫೋರ್ಕು. ಅಲ್ಲಿ ಸಲಾಡ್ ಬರೋದೇ ಕೊನೆಗೆ. ಅವಳು ತಡವರಿಸಿದಾಗ ಎದುರಿಗಿದ್ದ ಮುದುಕ ಉದ್ಯಮಿ, ಯಾವುದಕ್ಕೆ ಯಾವುದು ಅಂತ ತನಗೂ ತಿಳಿಯಲ್ಲ ಅಂದು ಕೈಯಲ್ಲೇ ಎತ್ತಿಕೊಂಡು ತಿನ್ನುತ್ತಾನೆ. ಇಡೀ ಚಿತ್ರದಲ್ಲಿ ನಿಜವಾದ ಎಟಿಕೆಟ್ ಇದೊಂದೇ.

ನನ್ನ ತಕರಾರೂ ಇಲ್ಲೇ ಇರೋದು. ಆಮೇಲೆ ಅವಳ ಇಕ್ಕಳದಿಂದ ಬಸವನಹುಳು ಹಾರಿದಾಗ ಸಿನಿಮಾ ನಮ್ಮನ್ನು ನಗಿಸುತ್ತೆ. ಮುದುಕ ಕೈಯಲ್ಲಿ ತಿಂದರೆ ದೊಡ್ಡತನ, ಅವಳ ಕೈ ಜಾರಿದರೆ ಕಾಮಿಡಿ. ನಿಯಮ ಮುರಿಯುವ ಸಲಿಗೆ ಕಂಪನಿಯ ಒಡೆಯನಿಗಿದೆ, ಹೊಸಬಳಿಗಿಲ್ಲ. ಚಿತ್ರ ಇದನ್ನು ಗಮನಿಸದೆ ಮುಂದೆ ಹೋಗಿಬಿಡುತ್ತೆ.

ಫೋರ್ಕು ಹಿಡಿಯೋದು ಕಲಿಯಿರಿ, ತಪ್ಪೇನಿಲ್ಲ. ಕಲಿತ ಮೇಲೆ, ಟೀಮ್ ಡಿನ್ನರಿನಲ್ಲಿ ಪಕ್ಕದ ಹೊಸಬರು ತಡವರಿಸಿದರೆ, ಮೊದಲು ಫೋರ್ಕ್ ಕೆಳಗಿಡೋರು ನೀವಾಗಿ.