ಜನ ಹೋದ ಮೇಲೆ ಬಂದ ಕ್ಯಾಮರಾ

ಅಮೆರಿಕದಲ್ಲಿ ಪಾಳುಬಿದ್ದ ಹುಚ್ಚಾಸ್ಪತ್ರೆಗಳ ಫೋಟೋ ತೆಗೆಯುವುದೇ ಒಂದು ಪಂಥವಾಗಿ ಬೆಳೆದಿದೆ. ರಾತ್ರಿ ಬೇಲಿ ಹಾರಿ ಒಳಗೆ ನುಗ್ಗುವ ಹುಡುಗರಿಂದ ಹಿಡಿದು ಸರ್ಕಾರದ ಪರವಾನಗಿ ತಗೊಂಡು ಹೋಗುವ ದೊಡ್ಡ ಕಲಾವಿದರವರೆಗೆ ಎಲ್ಲರಿಗೂ ಆ ಕಟ್ಟಡಗಳು ಬೇಕು. ಸುಲಿದ ಬಣ್ಣ, ಒಡೆದ ಕಿಟಕಿ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಬಿದ್ದ ಒಂದು ತುಂಡು ಬಿಸಿಲು. ವೆಸ್ಟ್ ವರ್ಜೀನಿಯಾದ ವೆಸ್ಟನ್ ಎಂಬ ಊರಿನ ಹಳೇ ಆಸ್ಪತ್ರೆಯನ್ನು 2007ರಲ್ಲಿ ಹರಾಜು ಹಾಕಿದರು; ಈಗ ಅಲ್ಲಿ ದುಡ್ಡು ಕೊಟ್ಟು ಟಿಕೇಟು ತಗೊಂಡರೆ ದೆವ್ವ ತೋರಿಸ್ತಾರೆ. ಅದು ಸಂತೆ ವ್ಯಾಪಾರ, ಅದಕ್ಕೆ ವಿಮರ್ಶೆ ಬೇಕಿಲ್ಲ. ಗಂಭೀರವಾಗಿ, ಮರ್ಯಾದೆಯಿಂದ ಮಾಡಿದ ಒಂದು ಪುಸ್ತಕದ ಜೊತೆ ನಮ್ಮ ಜಗಳ ಇದೆ. ಅದನ್ನು ನೋಡೋಣ.

ಕ್ರಿಸ್ಟೋಫರ್ ಪೇನ್ ಅವರ 'ಅಸೈಲಮ್' 2009ರಲ್ಲಿ ಬಂತು. ವಾಸ್ತುಶಿಲ್ಪ ಓದಿದ ಈ ಮನುಷ್ಯ ಆರು ವರ್ಷ ತಿರುಗಿ, 30 ರಾಜ್ಯಗಳ 70 ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿ ತೆಗೆದ ಫೋಟೋಗಳು ಅದರಲ್ಲಿವೆ. ಜೊತೆಗೊಂದು ಲೇಖನ ಬರೆದವರು ಹೆಸರಾಂತ ನರರೋಗ ವೈದ್ಯ ಆಲಿವರ್ ಸ್ಯಾಕ್ಸ್. ಈ ಕಟ್ಟಡಗಳ ಹಿಂದೆ ಒಂದು ಆಶಯ ಇತ್ತು ಅನ್ನೋದನ್ನ ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು. ಹತ್ತೊಂಬತ್ತನೇ ಶತಮಾನದ ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯರು ಕಟ್ಟಡವೇ ಅರ್ಧ ಔಷಧಿ ಎಂದು ನಂಬಿದ್ದರು. ನಡುವೆ ದೊಡ್ಡ ಕಟ್ಟಡ, ಎರಡೂ ಕಡೆ ಹಕ್ಕಿಯ ರೆಕ್ಕೆಯಂತೆ ಹಿಂದಕ್ಕೆ ಸರಿಯುತ್ತಾ ಹೋಗುವ ವಾರ್ಡುಗಳು, ಎಲ್ಲ ಕಡೆಗೂ ಗಾಳಿ ಬೆಳಕು, ಕಿಟಕಿಯಾಚೆ ಹೊಲ. ಈ ನಕ್ಷೆಯ ಮೊದಲ ಆಸ್ಪತ್ರೆ ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ 1848ರಲ್ಲಿ ಶುರುವಾಯಿತು. ಬರುಬರುತ್ತಾ ಸರ್ಕಾರಗಳು ದುಡ್ಡು ಕಮ್ಮಿ ಮಾಡಿ ಜನರನ್ನು ತುಂಬಿದವು. 1955ರ ಹೊತ್ತಿಗೆ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ಜನ ಇದ್ದರು. ಆಮೇಲೆ ಹೊಸ ಮಾತ್ರೆಗಳು ಬಂದವು, ಕಾನೂನು ಬದಲಾಯಿತು, ಜನರನ್ನು ಹೊರಗೆ ಕಳಿಸಿದರು. ಹೊರಗೆ ಎಲ್ಲಿಗೆ ಅನ್ನೋದು ಬೇರೆ ಕತೆ. ಎಲ್ಲ ಖಾಲಿಯಾದ ಮೇಲೆ ಕ್ಯಾಮರಾ ಬಂತು.

ಪೇನ್ ಅವರ ಕಣ್ಣು ಕೆಟ್ಟದ್ದಲ್ಲ. ಒಂದು ಫೋಟೋದಲ್ಲಿ ರೋಗಿಗಳ ಹಲ್ಲುಜ್ಜುವ ಬ್ರಷ್ಷುಗಳು ಸಾಲಾಗಿ ನೇತಾಡುತ್ತಿವೆ, ಹೆಸರಿನ ಚೀಟಿಗಳ ಸಮೇತ. ಇಲ್ಲಿ ಮನುಷ್ಯರಿದ್ದರು, ಬೆಳಿಗ್ಗೆ ಎದ್ದು ಬಾಯಿ ತೊಳೆಯುತ್ತಿದ್ದರು ಅಂತ ಆ ಬ್ರಷ್ಷುಗಳು ಹೇಳುವಷ್ಟು ಗಟ್ಟಿಯಾಗಿ ಆ ಗೋಪುರಗಳು ಯಾವುವೂ ಹೇಳುವುದಿಲ್ಲ. ಇದೇ ಹಾದಿಯ ಇನ್ನೊಂದು ಪುಸ್ತಕ ಡೇವಿಡ್ ಮೈಸೆಲ್ ಅವರದು, 2008ರದು. ಒರೆಗಾನ್ ರಾಜ್ಯದ ಆಸ್ಪತ್ರೆಯಲ್ಲಿ ಸತ್ತು, ಕೇಳುವವರಿಲ್ಲದೆ ಉಳಿದ ಸುಮಾರು 3,500 ಜನರ ಬೂದಿಯನ್ನು ತಾಮ್ರದ ಡಬ್ಬಿಗಳಲ್ಲಿ ತುಂಬಿ ಇಟ್ಟಿದ್ದರು. ತಾಮ್ರ ಕಿಲುಬು ಹಿಡಿದು ನೀಲಿ, ಹಸಿರು, ಬಿಳಿ ಹೂವು ಅರಳಿದಂಗೆ ಕಾಣುತ್ತೆ. ಮೈಸೆಲ್ ಒಂದೊಂದು ಡಬ್ಬಿಯನ್ನೂ ಕಪ್ಪು ಹಿನ್ನೆಲೆಯಲ್ಲಿ ಒಡವೆಯ ಹಾಗೆ ನಿಲ್ಲಿಸಿ ತೆಗೆದಿದ್ದಾರೆ. ನಮ್ಮ ಹಳೇ ನವ್ಯ ವಿಮರ್ಶಕರ ಕೈಗೆ ಇದು ಸಿಕ್ಕಿದ್ದರೆ ಸಾವಿನ ಪ್ರತಿಮೆ ಅಂತ ಹತ್ತು ಪುಟ ಬರೆದಿರೋರು. ಆದರೆ ಆ ಡಬ್ಬಿಗಳಿಗೆ ವಾರಸುದಾರರು ಬಂದದ್ದು ಬಣ್ಣ ನೋಡಿ ಅಲ್ಲ. ಸತ್ತವರ ಹೆಸರಿನ ಪಟ್ಟಿಯನ್ನು ಪ್ರಕಟಿಸಿದಾಗ ಬಂದರು. ನೂರಾರು ಸಂಸಾರಗಳು ತಮ್ಮವರ ಬೂದಿಯನ್ನು ತಗೊಂಡು ಹೋಗಿವೆ.

ಈಗ ಸ್ಯಾಕ್ಸ್ ಅವರ ಮಾತಿಗೆ ಬರೋಣ. ಇವರು ಹೃದಯವಂತರು, ಅದಕ್ಕೇ ಇವರ ಜೊತೆ ಜಗಳ ಆಡಬೇಕು. ಹಳೇ ಹುಚ್ಚಾಸ್ಪತ್ರೆಗಳಲ್ಲಿ ಒಳ್ಳೆಯದೂ ಇತ್ತು, ಅದನ್ನು ಮರೆತಿದ್ದೇವೆ ಅನ್ನುವುದು ಅವರ ವಾದ. ರೋಗಿಗಳು ಹೊಲ ಉಳುತ್ತಿದ್ದರು, ಅಡಿಗೆ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಕೆಲಸದಿಂದ ಅವರಿಗೊಂದು ನೆಲೆ, ಒಂದು ಗೌರವ ಸಿಗುತ್ತಿತ್ತು. ಆಮೇಲೆ ಹಕ್ಕು ಕಾಪಾಡುತ್ತೇವೆ ಅಂತ ಕಾನೂನು ಬಂದು ಆ ಕೆಲಸ ನಿಂತುಹೋಯಿತು; ರೋಗಿಗಳು ಟೆಲಿವಿಷನ್ ಮುಂದೆ ಸುಮ್ಮನೆ ಕೂತರು. 1973ರಲ್ಲಿ ಅಲ್ಲಿನ ಕೋರ್ಟು ಹೇಳಿದ್ದು ಇಷ್ಟೇ: ಆಸ್ಪತ್ರೆಗೆ ದುಡಿಯುವ ರೋಗಿಗೂ ಕೂಲಿ ಕೊಡಬೇಕು. ಕೂಲಿ ಕೊಡಬೇಕು ಅಂದ ಕೂಡಲೇ ಆ ಪವಿತ್ರ ಕಾಯಕ ಯಾಕೆ ನಿಂತುಹೋಯಿತು? ಇದನ್ನು ಸ್ಯಾಕ್ಸ್ ಕೇಳಬೇಕಾಗಿತ್ತು. ಬಿಟ್ಟಿ ಚಾಕರಿಯನ್ನು ಧರ್ಮ ಅಂತ ಸಾವಿರ ವರ್ಷ ಕೇಳಿಸಿಕೊಂಡ ಜನ ನಾವು. ಕೆಲಸದಲ್ಲಿ ಗೌರವ ಇದೆ ಅನ್ನೋ ಮಾತನ್ನ ನಾವು ಯಾರ ಬಾಯಿಂದ ಬಂದರೂ ಎರಡು ಸಲ ತೂಗಿ ನೋಡ್ತೀವಿ.

ತೂಗಲಿಕ್ಕೆ ಮೇರಿಲ್ಯಾಂಡ್ ರಾಜ್ಯದ ಕ್ರೌನ್ಸ್‌ವಿಲ್ ಸಾಕು. 1910ರಲ್ಲಿ ಅಲ್ಲಿನ ಶಾಸನಸಭೆ 'ಮೇರಿಲ್ಯಾಂಡಿನ ನೀಗ್ರೋ ಹುಚ್ಚರ ಆಸ್ಪತ್ರೆ'ಗೆ ಕಾಯಿದೆ ಮಾಡಿತು. ಬಿಳಿಯರ ಜೊತೆ ಕಪ್ಪು ರೋಗಿಗಳನ್ನು ಇಡುವುದು ಬೇಡ, ಬೇರೆ ಕಟ್ಟೋಣ ಅಂತ. ಹುಚ್ಚಿಗೂ ಕೇರಿ! 1911ರ ಮಾರ್ಚಿನಲ್ಲಿ ಹನ್ನೆರಡು ಜನ ಕಪ್ಪು ಗಂಡಸರನ್ನು ಬೇರೊಂದು ಆಸ್ಪತ್ರೆಯಿಂದ ಕರೆತಂದು ಇಳಿಸಿದರು. ಇಳಿದ ಜಾಗದಲ್ಲಿ ಆಸ್ಪತ್ರೆ ಇರಲಿಲ್ಲ. ಕಾಡು ಇತ್ತು. ಆ ರೋಗಿಗಳೇ, ಅವರ ಹಿಂದೆ ಬಂದ ರೋಗಿಗಳೇ ಕಾಡು ಕಡಿದರು, ನೆಲ ಅಗೆದರು, ಸಿಮೆಂಟು ಹೊತ್ತರು. ಕಟ್ಟಿ ಮುಗಿದ ಮೇಲೆ ತಾವೇ ಕಟ್ಟಿದ ಗೋಡೆಯೊಳಗೆ ರೋಗಿಗಳಾಗಿ ಸೇರಿಕೊಂಡರು. ಆಮೇಲೆ ಹೊಲದ ಕೆಲಸ, ಬುಟ್ಟಿ ಹೆಣೆಯುವುದು, ಒಗೆಯುವುದು. ಆಂಟೋನಿಯಾ ಹಿಲ್ಟನ್ ಎಂಬ ಪತ್ರಕರ್ತೆ ಹತ್ತು ವರ್ಷ ಕಾಗದಪತ್ರ ಹುಡುಕಿ, ಜನರನ್ನು ಮಾತಾಡಿಸಿ 2024ರಲ್ಲಿ ಬರೆದ 'ಮ್ಯಾಡ್‌ನೆಸ್' ಎಂಬ ಪುಸ್ತಕದಲ್ಲಿ ಇದೆಲ್ಲ ಇದೆ. ಓದುವಾಗ ನನಗೆ ನಮ್ಮವ್ವ ತಲೆ ಮೇಲೆ ಗಾರೆಬಾಣಲಿ ಹೊತ್ತದ್ದು ಕಣ್ಣಿಗೆ ಬಂತು. ಅವಳು ಹೊತ್ತು ಕಟ್ಟಿದ ಕಟ್ಟಡಗಳಿಗೂ ಫೋಟೋ ತೆಗೆಯುತ್ತಾರೆ.

ಇದು ಒಂದು ದಿನದಲ್ಲಿ ಹುಟ್ಟಿದ ಬುದ್ಧಿ ಅಲ್ಲ. 1851ರಲ್ಲೇ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಲೂಸಿಯಾನಾದ ಡಾಕ್ಟರು, ಗುಲಾಮರು ತಪ್ಪಿಸಿಕೊಂಡು ಓಡಿಹೋಗುವುದು ಒಂದು ಮನೋರೋಗ ಅಂತ ಬರೆದು, ಅದಕ್ಕೆ 'ಡ್ರೇಪಟೋಮೇನಿಯಾ' ಅಂತ ಹೆಸರು ಕೊಟ್ಟಿದ್ದರು. ಮದ್ದು ಚಾಟಿ. 1972ರಲ್ಲಿ ಮುಂಬಯಿಯ ದಲಿತ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ತಗೊಂಡದ್ದು ಈ ಗುಲಾಮರ ಮೊಮ್ಮಕ್ಕಳಿಂದ. ಹೆಸರು ತಗೊಂಡವರು ಅವರ ಕಡತಗಳನ್ನೂ ಓದಬೇಕು.

ಕ್ರೌನ್ಸ್‌ವಿಲ್‌ನಲ್ಲಿ 1955ರಲ್ಲಿ 2,700ಕ್ಕೂ ಹೆಚ್ಚು ರೋಗಿಗಳಿದ್ದರು. ಅದೇ ವರ್ಷ ಅಲ್ಲಿ ಸತ್ತ ಒಬ್ಬ ಹುಡುಗಿ ಎಲ್ಸಿ ಲ್ಯಾಕ್ಸ್, ವಯಸ್ಸು ಹದಿನೈದು. ಇವಳ ತಾಯಿ ಹೆನ್ರಿಯೆಟ್ಟಾ ಲ್ಯಾಕ್ಸ್. 1951ರಲ್ಲಿ ಕ್ಯಾನ್ಸರಿನಿಂದ ತೀರಿಹೋದ ಆ ತಾಯಿಯ ಜೀವಕೋಶಗಳನ್ನು ಕೇಳದೆ ತೆಗೆದುಕೊಂಡು ಜಗತ್ತಿನ ಪ್ರಯೋಗಶಾಲೆಗಳೆಲ್ಲ ಬೆಳೆಸಿಕೊಂಡವು. ರೆಬೆಕ್ಕಾ ಸ್ಕ್ಲೂಟ್ 2010ರ ತಮ್ಮ ಪುಸ್ತಕದಲ್ಲಿ ಎಲ್ಸಿಯ ತಂಗಿ ಡೆಬೊರಾ ಜೊತೆ ಆ ಆಸ್ಪತ್ರೆಗೆ ಹೋದದ್ದನ್ನು ಬರೆದಿದ್ದಾರೆ. ಹಳೇ ದಾಖಲೆಗಳಲ್ಲಿ ಬಹುಪಾಲು ಉಳಿದಿರಲಿಲ್ಲ. ಕಟ್ಟಡದ ಆಸ್ಬೆಸ್ಟಾಸ್ ತಗುಲಿ ಕೆಟ್ಟವು ಅಂತ ಮೂಟೆ ಕಟ್ಟಿ ಹೂತುಹಾಕಿದ್ದರು. ಮನುಷ್ಯರ ಕಡತವನ್ನು ಕಟ್ಟಡವೇ ತಿಂದಿತ್ತು. ಉಳಿದ ಒಂದಿಷ್ಟರಲ್ಲಿ ಎಲ್ಸಿಯ ಫೋಟೋ ಸಿಕ್ಕಿತು. ಎತ್ತರ ಅಳೆಯುವ ಅಂಕಿ ಬರೆದ ಗೋಡೆ. ಅದರ ಮುಂದೆ ಊದಿದ ಮುಖದ ಹುಡುಗಿ, ಕಿರುಚುವ ಹಾಗೆ ತೆರೆದ ಬಾಯಿ, ಕತ್ತು ಹಿಡಿದಿರುವ ಯಾರದೋ ಬಿಳಿಯ ಕೈ. ಡೆಬೊರಾ ಆ ಫೋಟೋದ ಪ್ರತಿ ಇಟ್ಟುಕೊಂಡು, ಸಿಕ್ಕವರಿಗೆ ಇವಳು ನನ್ನ ಅಕ್ಕ ಅಂತ ತೋರಿಸಿದರು.

ಹುಚ್ಚಾಸ್ಪತ್ರೆಯ ಫೋಟೋ ಅಂದರೆ ನನ್ನ ಪಾಲಿಗೆ ಇದು. ಬೆಳಕು ಸರಿಯಿಲ್ಲ, ಚೌಕಟ್ಟು ಸರಿಯಿಲ್ಲ, ತೆಗೆದ ಕೈಗೆ ಕರುಣೆ ಇಲ್ಲ. ಆದರೂ ಆ ಕಟ್ಟಡದಲ್ಲಿ ಏನು ನಡೀತಿತ್ತು ಅನ್ನೋದನ್ನ, ಕತ್ತಿನ ಮೇಲಿನ ಆ ಕೈ ಸಮೇತ, ಅದು ಬಿಟ್ಟುಕೊಟ್ಟಿದೆ. ಖಾಲಿ ಕಾರಿಡಾರಿನ ಫೋಟೋದಲ್ಲಿ ಕತ್ತೂ ಇಲ್ಲ, ಕೈಯೂ ಇಲ್ಲ. ಹಾಗಾದರೆ ರೋಗಿಗಳ ಫೋಟೋ ತೆಗೆದರೆ ಸರಿಹೋಯಿತೆ ಅಂತ ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೆ. 1949ರಲ್ಲಿ 'ಬಾಲ್ಟಿಮೋರ್ ಸನ್' ಪತ್ರಿಕೆ 'ಮೇರಿಲ್ಯಾಂಡಿನ ನಾಚಿಕೆಗೇಡು' ಎಂಬ ಲೇಖನಮಾಲೆಯಲ್ಲಿ ಅಲ್ಲಿನ ಆಸ್ಪತ್ರೆಗಳ ನರಕವನ್ನು ಚಿತ್ರ ಸಮೇತ ಬಯಲಿಗೆಳೆಯಿತು. ಆ ರೋಗಿಗಳನ್ನು ಫೋಟೋ ತೆಗೀಲಾ ಅಂತ ಕೇಳಿರಲಾರರು. ಆದರೆ ಆ ಕ್ಯಾಮರಾ ಹೋದಾಗ ಜನ ಇನ್ನೂ ಒಳಗೇ ಇದ್ದರು, ಅವರಿಗೆ ಏನಾದರೂ ಆಗಲಿ ಅಂತ ಹೋಗಿತ್ತು. ಈಗಿನ ಕ್ಯಾಮರಾಕ್ಕೆ ಆ ತುರ್ತು ಇಲ್ಲ. ಅದಕ್ಕೆ ಆ ಜಾಗದಿಂದ ಬೇಕಾದದ್ದು ಒಂದು ಮೂಡು.

ಕ್ರೌನ್ಸ್‌ವಿಲ್ 2004ರಲ್ಲಿ ಮುಚ್ಚಿತು. ಆಸ್ಪತ್ರೆಯ ಸ್ಮಶಾನದಲ್ಲಿ 1,700ಕ್ಕೂ ಹೆಚ್ಚು ರೋಗಿಗಳನ್ನು ಹೂತಿದ್ದಾರೆ. ಅಲ್ಲಿನ ಗುರುತಿನ ಕಲ್ಲುಗಳ ಮೇಲೆ ಹೆಸರಿಲ್ಲ, ನಂಬರು ಇದೆ. ಜ್ಯಾನಿಸ್ ಹೇಯ್ಸ್-ವಿಲಿಯಮ್ಸ್ ಎಂಬ ಸ್ಥಳೀಯ ಇತಿಹಾಸಕಾರರು ವರ್ಷಗಟ್ಟಲೆ ಮರಣದ ದಾಖಲೆಗಳನ್ನು ತಿರುವಿ ಆ ಹೆಸರುಗಳ ಪಟ್ಟಿ ಮಾಡಿದರು. ಜನ ಸ್ಮಶಾನದಲ್ಲಿ ಸೇರಿ ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಪೇನ್ ಅವರ ಆರು ವರ್ಷ, ಈ ಹೆಂಗಸಿನ ಇಷ್ಟು ವರ್ಷ, ಎರಡೂ ಶ್ರಮವೇ. ಒಂದಕ್ಕೆ ಕಲೆ ಅಂತ ಹೆಸರು, ಇನ್ನೊಂದನ್ನು ಸಮಾಜಸೇವೆ ಅಂತ ಪಕ್ಕಕ್ಕಿಡುತ್ತಾರೆ. ಈ ವಿಂಗಡಣೆ ಮಾಡಿದವರು ಯಾರು ಅಂತ ನಮ್ಮ ವಿಮರ್ಶೆ ಕೇಳದೆ ಇನ್ಯಾರು ಕೇಳಬೇಕು?

2022ರಲ್ಲಿ ಆ ಜಾಗ ಕೌಂಟಿ ಆಡಳಿತದ ಕೈಗೆ ಬಂತು, ಸ್ಮಾರಕ ಮತ್ತು ಉದ್ಯಾನ ಮಾಡುವ ಯೋಜನೆ ಇದೆ. ಫೋಟೋ ತೆಗೆಯುವವರು ಇನ್ನೂ ಹೋಗುತ್ತಾರೆ. ಹೋಗಲಿ. ಮೊದಲು ಸ್ಮಶಾನಕ್ಕೆ ಹೋಗಿ, ಒಂದು ನಂಬರಿನ ಮುಂದೆ ನಿಂತು, ಪಟ್ಟಿಯಲ್ಲಿ ಹತ್ತು ಹೆಸರಾದರೂ ಓದಿಕೊಂಡು ಬರಲಿ. ಆಮೇಲೆ ಆ ಹಳೇ ಕಟ್ಟಡದ ಬುಡದಲ್ಲಿ, ಕಾಡು ಕಡಿದವರು ಸಿಮೆಂಟು ಸುರಿದ ಪಾಯದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೊದಲನೇ ಫೋಟೋ ತೆಗೆಯಲಿ. ಮೇಲಿನ ಕಿಟಕಿ, ಬಿಸಿಲು ಎಲ್ಲ ಆಮೇಲೆ.