ಚೂರು ಮಾಡಿದರೆ ಕಾಣುವ ಚಿತ್ರ

ವ್ಯಂಗ್ಯಚಿತ್ರದ ಆಯುಷ್ಯ ಒಂದು ಹಗಲು ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ, ಅದಕ್ಕೀಗ ಯಾರೂ ಪುರಾವೆ ಕೇಳುವುದಿಲ್ಲ. ಇತ್ತೀಚೆಗೆ ಅದಕ್ಕೊಂದು ಬಾಲವೂ ಹುಟ್ಟಿದೆ: ಹಳೆಯ ರಾಜಕೀಯ ಕಾರ್ಟೂನುಗಳನ್ನು ಐನೂರು, ಸಾವಿರ ಚೂರು ಮಾಡಿ ಜಿಗ್ಸಾ ಡಬ್ಬಿಯಲ್ಲಿ ಮಾರುವುದು ವ್ಯಾಪಾರಿಯ ಚೇಷ್ಟೆಯಂತೆ, ಕಲೆಗೆ ಅವಮಾನವಂತೆ. ನಾರಾಯಣಪೇಟೆ ಸೀಮೆಯ ನನಗೆ ಈ ತೀರ್ಪು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕಾರ್ಟೂನನ್ನು ಅರ್ಧ ನಿಮಿಷ ನೋಡಿ ಪುಟ ತಿರುವುವವರೇ ಅದಕ್ಕೆ ಒಂದು ದಿನದ ಆಯುಷ್ಯ ಬರೆದವರು.

ಈ ಆಟ ಹುಟ್ಟಿದ್ದೇ ರಾಜಕೀಯದ ಹೊಟ್ಟೆಯಲ್ಲಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನು ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಗರಗಸ ಆಡಿಸಿ, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ. 1805ರಲ್ಲಿ ಜೇಮ್ಸ್ ಗಿಲ್ರೆ ಬರೆದ ಚಿತ್ರದಲ್ಲಿ ಪಿಟ್ ಮತ್ತು ನೆಪೋಲಿಯನ್ ಊಟದ ಮೇಜಿಗೆ ಕೂತು ಭೂಗೋಳವನ್ನೇ ಕೊಯ್ದು ಹಂಚಿಕೊಳ್ಳುತ್ತಾರೆ. ಗಡಿಗುಂಟ ಕೊಯ್ಯುವುದೆಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಿತು, ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು. ನಾರಾಯಣಪೇಟೆ, ಮಕ್ತಲ್ ಮಹಬೂಬನಗರದೊಂದಿಗೆ ಆಂಧ್ರಕ್ಕೆ ಹೋದವು, ಆಮೇಲೆ 2014ರಲ್ಲಿ ತೆಲಂಗಾಣಕ್ಕೆ. ಮಕ್ತಲ್ ದಾಟಿ ಕೃಷ್ಣೆಯ ದಂಡೆಗೆ ಬನ್ನಿ, ಕಿವಿಗೆ ಬೀಳುವುದು ಕನ್ನಡವೇ.

ಇರಲಿ, ನನ್ನ ಜಗಳ ಲಕ್ಷ್ಮಣರ ಬಗ್ಗೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಕಾಲೇಜಿನಲ್ಲಿದ್ದಾಗಲೇ ರಾ.ಶಿ. ಅವರ ‘ಕೊರವಂಜಿ’ಗೆ ಚಿತ್ರ ಬರೆದವರು. 1942ರಿಂದ 1967ರವರೆಗೆ ನಡೆದ ಆ ಪತ್ರಿಕೆಯನ್ನು ನಾವು ಹಾಸ್ಯಸಾಹಿತ್ಯದ ಅಧ್ಯಾಯದಲ್ಲಿ ಕೂರಿಸಿ, ಅದರ ಗೆರೆಗಳನ್ನು ಮರೆತೆವು. ಲಕ್ಷ್ಮಣ್ ಮುಂಬೈ ಸೇರಿದರು, 1951ರಲ್ಲಿ ‘ಯು ಸೆಡ್ ಇಟ್’ ಕಾರ್ಟೂನು ಅಂಕಣ ಆರಂಭಿಸಿದರು. ಕನ್ನಡ ವಿಮರ್ಶೆ ಅವರನ್ನು ಇಂಗ್ಲಿಷಿನವರಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡಿತು. ಈಗಲೂ ಅವರನ್ನು ಹೊಗಳುವವರು ಹೊಗಳುವುದು ಅಡಿಬರಹವನ್ನು. ಅಡಿಬರಹ ಕತ್ತರಿಸಿ ಚಿತ್ರವನ್ನಷ್ಟೇ ಚೂರು ಮಾಡಿ ಮೇಜಿನ ಮೇಲೆ ಸುರಿದು ನೋಡಿ. ಒಂದರಲ್ಲಿ ಕುರ್ಚಿಯ ಕಾಲು, ಇನ್ನೊಂದರಲ್ಲಿ ಕಡತದ ದಾರ, ಮತ್ತೊಂದರಲ್ಲಿ ಗುಂಡಿ ಬಿದ್ದ ರಸ್ತೆ, ಕಾಗೆಯ ಕೊಕ್ಕು. ಯಾವ ಚೂರನ್ನು ಎತ್ತಿದರೂ ಕುಂಚದ ದಪ್ಪ-ಸಣ್ಣದಲ್ಲೇ ಕೈ ಯಾರದೆಂದು ಗುರುತು ಸಿಗುತ್ತದೆ.

ಜಿಗ್ಸಾ ಕೂಡಿಸುವವರು ಅಂಚಿನಿಂದ ಶುರುಮಾಡುತ್ತಾರೆ, ನೇರ ಬದಿಯ ಚೂರುಗಳನ್ನು ಮೊದಲು ಹೆಕ್ಕುತ್ತಾರೆ. ಲಕ್ಷ್ಮಣರ ಚಿತ್ರಗಳಲ್ಲಿ ಅಂಚಿನಲ್ಲಿ ನಿಂತಿರುವವನು ಚೌಕಳಿ ಕೋಟು ತೊಟ್ಟ, ಪಂಚೆಯುಟ್ಟ, ತುಟಿ ಬಿಚ್ಚದ ಶ್ರೀಸಾಮಾನ್ಯ. ಪತ್ರಿಕೆಯಲ್ಲಿ ನೋಡುವಾಗ ಕಣ್ಣು ಮೊದಲು ನೆಹರೂ ಅವರ ಬೋಳು ತಲೆಗೋ ಇಂದಿರಾ ಅವರ ಮೂಗಿಗೋ ಓಡುತ್ತದೆ. ಅವನು ಸಿಕ್ಕರೆ ಸಿಕ್ಕ. ಚೂರು ಕೂಡಿಸುವಾಗ ಲೆಕ್ಕ ತಿರುಗಿ, ಮೊದಲು ಅವನ ಕೋಟು ಕೂಡುತ್ತದೆ, ಆಮೇಲೆ ಸುತ್ತಲಿನ ಜನ. ಮಂತ್ರಿಗಳ ಸರದಿ ಕೊನೆಗೆ. ಲಕ್ಷ್ಮಣರ ರಾಜಕೀಯ ಇದ್ದದ್ದು ಈ ಜಾಗದ ಹಂಚಿಕೆಯಲ್ಲಿ. ಅವರಿಗೆ ಪಕ್ಷವಿಲ್ಲ, ಕಿಚ್ಚಿಲ್ಲ ಎಂದವರು ಚಿತ್ರದ ನಡುವನ್ನಷ್ಟೇ ನೋಡಿದವರು.

ಅಬು ಅಬ್ರಹಾಂ ಏನಾಗಬೇಕು ಎಂದು ಕೇಳುವಿರಿ. 1975ರ ಡಿಸೆಂಬರಿನ ಅವರ ಆ ಕಾರ್ಟೂನು: ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲೇ ಮಲಗಿ ಸುಗ್ರೀವಾಜ್ಞೆಗೆ ಸಹಿ ಹಾಕಿ ಕಾಗದ ಚಾಚುತ್ತಾರೆ. ತುರ್ತುಪರಿಸ್ಥಿತಿಯ ಬಗ್ಗೆ ಅದಕ್ಕಿಂತ ಹರಿತವಾದದ್ದು ಬರಲಿಲ್ಲ, ಒಪ್ಪಿದೆ. ಆದರೆ ಅದನ್ನು ಚೂರು ಮಾಡಿದರೆ ಮುಕ್ಕಾಲು ಪಾಲು ಬರೀ ಬಿಳಿ. ಇದು ನ್ಯಾಯವಾದ ಅಳತೆಗೋಲಲ್ಲ ಎನ್ನುವಿರಾ? ಅಲ್ಲದಿರಲಿ. ತುಂಬಿದ ಚಿತ್ರದ ಮೇಲೆ ನನಗೆ ಮೋಹ, ಅದನ್ನು ಮುಚ್ಚಿಡಲಾರೆ. ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಎಳೆಗೆ ಎಳೆ ಕೊಂಡಿ ಹಾಕಿ ನೇಯುತ್ತಾರಲ್ಲ, ಹಾಗೆ ನಡುವೂ ಅಂಚೂ ಒಂದನ್ನೊಂದು ಬಿಡದ ಚಿತ್ರ ನನಗೆ ಬೇಕು. ಈಗಿನ ಅಭಿರುಚಿ ಬೇರೆ. ಲಾಂಛನ, ಪುಸ್ತಕದ ಮುಖಪುಟ, ಮದುವೆಯ ಕರೆಯೋಲೆ, ಎಲ್ಲೆಲ್ಲೂ ಖಾಲಿ ಜಾಗವೇ ನಾಗರಿಕತೆ; ಜನ ಕಿಕ್ಕಿರಿದ ಚಿತ್ರ ಹಳ್ಳಿಗಾಡಿನದು. ಈ ನಾಜೂಕಿನ ಬಗ್ಗೆ ನನಗೆ ಗುಮಾನಿ. ಖಾಲಿ ಮಾಡುವಾಗ ಮೊದಲು ಹೊರಬೀಳುವವರು ಅಂಚಿನವರೇ.

2012ರ ಗದ್ದಲವನ್ನೇ ನೋಡಿ. ಸಂವಿಧಾನ ರಚನೆಯ ನಿಧಾನಗತಿಯ ಬಗ್ಗೆ ಶಂಕರ್ 1949ರಲ್ಲಿ ಬರೆದ ಬಸವನಹುಳುವಿನ ಚಿತ್ರ ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿತ್ತು. ಹುಳುವಿನ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರೂ. ಆ ಚಾಟಿಯಿಂದ ನೊಂದವರ ನೋವು ಸುಳ್ಳಲ್ಲ. ಈ ದೇಶದಲ್ಲಿ ಚಾಟಿ ಯಾರ ಬೆನ್ನಿನ ಮೇಲೆ ಬಿದ್ದಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ಅಂಬೇಡ್ಕರ್ ಕೈಯಲ್ಲೂ ಒಂದು ಚಾಟಿ ಇದೆ, ಹಿಂದೆ ನೋಡುತ್ತ ನಿಂತ ಜನರಿದ್ದಾರೆ. ಸಂಸತ್ತಿನಲ್ಲಿ ಕೂಗಾಟವಾಯಿತು, ಸರ್ಕಾರ ಚಿತ್ರ ತೆಗೆಸಲು ಹೊರಟಿತು, ಸಲಹೆಗಾರರಾದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಅಂದು ಚಿತ್ರವನ್ನು ಬೈದವರೂ ಅದರ ಪರ ನಿಂತವರೂ ಹಿಂದಿನ ಆ ಜನರ ಬಗ್ಗೆ ಎಷ್ಟು ಮಾತಾಡಿದರು? ಮಕ್ಕಳ ಮುಂದೆ ಅದನ್ನು ಚೂರು ಮಾಡಿ ಸುರಿದಿದ್ದರೆ ವಾದ ಆ ಹಿಂದಿನ ಜನರಿಂದಲೇ ಶುರುವಾಗುತ್ತಿತ್ತು, ಮುಗಿಯಲು ಒಂದು ಪೀರಿಯಡ್ ಸಾಲುತ್ತಿರಲಿಲ್ಲ.